ಪ್ರಗತಿ ವರದಿಯಲ್ಲಿ ಜನರ ಹೊತ್ತಿಗೂ ಒಂದು ಕಾಲಂ ಬೇಕು

ಸಂಪಾದಕರಿಗೆ,

ಮಾನ್ಯರೇ,

ಕಲ್ಯಾಣ ಕರ್ನಾಟಕದ ಅಭಿವೃದ್ಧಿಯ ಬಗ್ಗೆ ನಿಮ್ಮ ಪತ್ರಿಕೆಯ ಜಿಲ್ಲಾ ಪುಟಗಳಲ್ಲಿ ಬರುವ ಸುದ್ದಿಗಳನ್ನು ನಾನು ತಪ್ಪದೆ ಓದುತ್ತೇನೆ. ಪ್ರಗತಿ ಪರಿಶೀಲನಾ ಸಭೆಯ ಯಾವ ವರದಿಯನ್ನು ನೋಡಿದರೂ ಅದರಲ್ಲಿ ಎರಡು ಅಂಕಿಗಳು ಇದ್ದೇ ಇರುತ್ತವೆ: ಭೌತಿಕ ಪ್ರಗತಿ ಶೇಕಡಾ ಇಷ್ಟು, ಆರ್ಥಿಕ ಪ್ರಗತಿ ಶೇಕಡಾ ಇಷ್ಟು. ಕಟ್ಟಡ ಎಷ್ಟು ಮೇಲೆದ್ದಿತು, ರಸ್ತೆ ಎಷ್ಟು ದೂರ ಸಾಗಿತು ಎಂಬುದನ್ನು ಮೊದಲನೆಯದು ಹೇಳುತ್ತದೆ. ಬಂದ ಅನುದಾನದಲ್ಲಿ ಎಷ್ಟು ಖರ್ಚಾಯಿತು ಎಂಬುದನ್ನು ಎರಡನೆಯದು ಹೇಳುತ್ತದೆ. ಆ ಕಟ್ಟಡದೊಳಗೆ ಹೋಗಿಬರುವ, ಆ ರಸ್ತೆಯ ಮೇಲೆ ಓಡಾಡುವ ಮನುಷ್ಯರ ಬದುಕಿನಲ್ಲಿ ಏನು ಬದಲಾಯಿತು ಎಂಬುದಕ್ಕೆ ಮಾತ್ರ ಆ ಪಟ್ಟಿಯಲ್ಲಿ ಜಾಗವಿಲ್ಲ. ಪದವಿ ಕಾಲೇಜಿನಲ್ಲಿ ಬಹುಕಾಲ ಅರ್ಥಶಾಸ್ತ್ರ ಪಾಠ ಮಾಡಿ ನಿವೃತ್ತನಾಗಿರುವ ನನಗೆ ಈ ಕೊರತೆ ದಿನದಿನಕ್ಕೆ ಹೆಚ್ಚು ಎದ್ದು ಕಾಣುತ್ತಿದೆ. ಹೊಸ ಯಂತ್ರ, ಹೊಸ ಆ್ಯಪ್, ಹೊಸ ಕಾರ್ಖಾನೆ ಯಾವುದೇ ಬಂದರೂ ಅದರಿಂದ ಯಾರ ಹೊತ್ತು ಉಳಿಯಿತು, ಯಾರ ಹೊತ್ತು ಕಳೆಯಿತು, ಉಳಿದ ಹೊತ್ತಿನಲ್ಲಿ ಅವರು ಏನು ಮಾಡಬಲ್ಲವರಾದರು ಎಂದು ಕೇಳುವ ಪದ್ಧತಿ ನಮ್ಮ ಆಡಳಿತದಲ್ಲಿ ಬರಬೇಕು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಲು ಈ ಪತ್ರ ಬರೆಯುತ್ತಿದ್ದೇನೆ.

ಬೆಳವಣಿಗೆಯೇ ಬೇಡ ಎನ್ನುವವರ ಪೈಕಿ ನಾನಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ಕಲಬುರಗಿಯದು ಶೇ 64.85, ಯಾದಗಿರಿಯದು ಶೇ 51.83 ಇತ್ತು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ಅತ್ಯಂತ ಹಿಂದುಳಿದವು ಎಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ನಮ್ಮ ವಿಭಾಗದಲ್ಲಿಯೇ ಇದ್ದವು. ತಲಾ ಆದಾಯದಲ್ಲಿ ಬೆಂಗಳೂರು ನಗರ ಜಿಲ್ಲೆ ಕಲಬುರಗಿಗಿಂತ ಇಂದಿಗೂ ಹಲವು ಪಟ್ಟು ಮುಂದಿದೆ. ಯಾದಗಿರಿಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೋರಿಸಿತು. ಇಂಥ ಕಡೆ ನಿಂತು ಬಡತನದಲ್ಲೂ ಒಂದು ನೆಮ್ಮದಿ ಇತ್ತು, ಹಳ್ಳಿಯ ಸರಳ ಬದುಕೇ ಚೆಂದ ಎಂದು ಹೇಳುವುದು ಸರಿಯಾಗದು. ಹಾಗೆ ಹೇಳುವವರಲ್ಲಿ ಹೆಚ್ಚಿನವರು ತಮ್ಮ ಮಕ್ಕಳನ್ನು ಬೆಂಗಳೂರಿನಲ್ಲಿ ಓದಿಸುತ್ತಿರುವವರು ಎಂಬುದನ್ನೂ ಗಮನಿಸಿದ್ದೇನೆ.

ಬಂದಿರುವುದನ್ನು ಬಂದಿಲ್ಲ ಎನ್ನಲಾಗದು. ಸಂವಿಧಾನದ 371(ಜೆ) ವಿಧಿಯಿಂದ ನಮ್ಮ ಹುಡುಗ ಹುಡುಗಿಯರಿಗೆ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಸೀಟುಗಳು, ಸರ್ಕಾರಿ ಹುದ್ದೆಗಳು ಸಿಕ್ಕಿವೆ. ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಎರಡು ದಶಕ ಕಾದ ಮೇಲೆ, 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಪೂರ್ಣಗೊಂಡು, ಸುತ್ತಿ ಬಳಸಿ ಹೋಗುವುದು ತಪ್ಪಿತು. ಹೃದಯದ ಚಿಕಿತ್ಸೆಗೆ ರಾತ್ರಿಯೆಲ್ಲ ಪ್ರಯಾಣ ಮಾಡಿ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗಲೇಬೇಕು ಎಂಬ ಸ್ಥಿತಿ ಈಗ ಕಲಬುರಗಿಯಲ್ಲಿ ಇಲ್ಲ. ಇವೆಲ್ಲವೂ ಬೆಳವಣಿಗೆಯ ಹಣದಿಂದಲೇ, ತಂತ್ರಜ್ಞಾನದಿಂದಲೇ ಆದವು. ಇವು ಒಳ್ಳೆಯವು ಎಂದು ನಾವು ಒಪ್ಪುವುದು ಯಾಕೆ ಎಂದು ಕೇಳಿಕೊಂಡರೆ, ಆ ಕಾಮಗಾರಿಗೆ ಎಷ್ಟು ಕೋಟಿ ಖರ್ಚಾಯಿತು ಎಂಬ ಸಂಖ್ಯೆ ಯಾರ ಬಾಯಲ್ಲೂ ಬರುವುದಿಲ್ಲ. ಅಲೆದಾಟ ಎಷ್ಟು ತಪ್ಪಿತು ಎಂಬುದೇ ಬರುತ್ತದೆ.

ಈ ಮಾತು ಅರ್ಥಶಾಸ್ತ್ರಕ್ಕೆ ಹೊಸದಲ್ಲ. ರಾಷ್ಟ್ರೀಯ ಆದಾಯದ ಲೆಕ್ಕವನ್ನು 1934ರಲ್ಲಿ ಅಮೆರಿಕದ ಸಂಸತ್ತಿಗೆ ಒಪ್ಪಿಸಿದ ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್, ಆ ಮೊತ್ತವನ್ನು ನೋಡಿ ಜನರ ಯೋಗಕ್ಷೇಮವನ್ನು ಊಹಿಸಲು ಹೋಗಬೇಡಿ ಎಂಬ ಎಚ್ಚರಿಕೆಯನ್ನು ಅದೇ ವರದಿಯಲ್ಲಿ ಸೇರಿಸಿದ್ದರು. ಮೊತ್ತವನ್ನು ಎಲ್ಲರೂ ಹಿಡಿದುಕೊಂಡರು, ಎಚ್ಚರಿಕೆಯನ್ನು ಮರೆತರು. 1990ರಲ್ಲಿ ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಅವರು ಅಮರ್ತ್ಯ ಸೇನ್ ಅವರಂಥವರ ಚಿಂತನೆಯ ಬಲದಿಂದ ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ವರದಿಯನ್ನು ಆರಂಭಿಸಿದಾಗ ಆದಾಯದ ಜೊತೆಗೆ ಆಯುಷ್ಯವೂ ಶಿಕ್ಷಣವೂ ಲೆಕ್ಕಕ್ಕೆ ಬಂದವು. ನಮ್ಮ ರಾಜ್ಯವೂ 1999ರಲ್ಲಿ ಮತ್ತು 2005ರಲ್ಲಿ ಇಂಥ ವರದಿಗಳನ್ನು ಹೊರತಂದಿತು. ಮನುಷ್ಯ ಏನನ್ನು ಮಾಡಬಲ್ಲ, ಏನಾಗಬಲ್ಲ ಎಂಬುದೇ ಅಭಿವೃದ್ಧಿಯ ಅಳತೆ ಎಂಬ ಸೇನ್ ಅವರ ವಾದವನ್ನು ತರಗತಿಯಲ್ಲಿ ವಿವರಿಸುವಾಗ ನಾನು ಹೆಚ್ಚಾಗಿ ಹೊತ್ತಿನ ಉದಾಹರಣೆಗಳನ್ನೇ ಕೊಡುತ್ತಿದ್ದೆ. ಓದು ಬರಹ ಬಂದರೂ, ಕೈಯಲ್ಲಿ ನಾಲ್ಕು ಕಾಸಿದ್ದರೂ, ಇಡೀ ದಿನ ಸರತಿಯಲ್ಲೋ ನೀರಿಗೋ ಬಸ್ಸಿಗೋ ಕಳೆದುಹೋದರೆ ಆ ಓದು, ಆ ಹಣ ಎರಡೂ ಉಪಯೋಗಕ್ಕೆ ಬಾರವು.

ಮೊದಲು ನಮ್ಮ ಬೆಳೆಯನ್ನೇ ನೋಡೋಣ. ಕಲಬುರಗಿ ತೊಗರಿಯ ಕಣಜ. ಇಲ್ಲಿನ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಈ ಬೆಳೆಗೆ ದೊಡ್ಡ ಶತ್ರು ನೆಟೆ ರೋಗ. ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನಿಂದ ಏರಿ, ಹೂವು ಕಾಯಿ ಹಿಡಿದು ನಿಂತ ಗಿಡ ನಿಂತಲ್ಲೇ ಒಣಗುತ್ತದೆ. ಬೀದರಿನಿಂದ ಹೈದರಾಬಾದಿಗೆ ಹೋಗುವ ದಾರಿಯಲ್ಲಿರುವ ಪಟಾಂಚೆರುವಿನ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯ ಶ್ರಮದಿಂದ ನೆಟೆ ರೋಗವನ್ನು ತಾಳಿಕೊಳ್ಳುವ ‘ಮಾರುತಿ’ ತಳಿ 1986ರಲ್ಲಿ ಕರ್ನಾಟಕದ ರೈತರಿಗೆ ಬಿಡುಗಡೆಯಾಯಿತು. ಆಮೇಲೆ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದಲೂ ಟಿಎಸ್-3ಆರ್ ಮುಂತಾದ ತಳಿಗಳು ಬಂದವು. ರೈತ ತನ್ನ ಹೊಲದ ಬೀಜವನ್ನೇ ಎತ್ತಿಟ್ಟುಕೊಂಡು ಮರುವರ್ಷ ಬಿತ್ತಬಹುದಾದ ತಳಿಗಳು ಇವು. ನನ್ನ ಲೆಕ್ಕದಲ್ಲಿ ಈ ಸೀಮೆಗೆ ಬಂದ ಅತ್ಯುತ್ತಮ ತಂತ್ರಜ್ಞಾನಗಳಲ್ಲಿ ಇದೊಂದು: ವಿದ್ಯುತ್ತು ಬೇಕಿಲ್ಲ, ಪಾಸ್‌ವರ್ಡ್ ಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ 2022ರ ಮುಂಗಾರಿನ ಬೆಳೆಯಲ್ಲಿ ನೆಟೆ ರೋಗ ಮತ್ತೆ ಜಿಲ್ಲೆಯ ಉದ್ದಗಲಕ್ಕೂ ಹಬ್ಬಿ ರೈತರನ್ನು ನೆಲಕ್ಕೆ ಹಚ್ಚಿತು. ಒಮ್ಮೆ ತಳಿ ಕಂಡುಹಿಡಿದು ಕೈತೊಳೆದುಕೊಂಡರೆ ಆಗುವುದಿಲ್ಲ, ಸಂಶೋಧನಾ ಕೇಂದ್ರಗಳಿಗೆ ವರ್ಷವರ್ಷವೂ ಜನ ಮತ್ತು ಹಣ ಬೇಕು ಎಂಬುದು ಆಗಲೇ ಸ್ಪಷ್ಟವಾಯಿತು. ಸಂಶೋಧನಾ ಕೇಂದ್ರದಲ್ಲಿ ಖಾಲಿ ಉಳಿದ ಹುದ್ದೆ ಉದ್ಘಾಟನೆಯ ಫೋಟೊದಲ್ಲಿ ಕಾಣುವುದಿಲ್ಲವಲ್ಲ!

ಅದೇ ತೊಗರಿ ಹೊಲದಲ್ಲಿ ಇನ್ನೊಂದು ತಂತ್ರಜ್ಞಾನದ ಕಥೆ ಬೇರೆಯೇ ಇದೆ. ಡಿಸೆಂಬರ್, ಜನವರಿಯಲ್ಲಿ ಹೆಣ್ಣುಮಕ್ಕಳು ಸಾಲುಹಿಡಿದು, ಕಟ್ಟಿಗೆಯಷ್ಟು ಗಡುಸಾದ ತೊಗರಿ ಗಿಡವನ್ನು ಕುಡುಗೋಲಿನಿಂದ ಬುಡಕ್ಕೆ ಕಡಿದು, ಸಿವುಡು ಕಟ್ಟಿ ಒಟ್ಟುವುದು ಮೈಮುರಿಯುವ ಕೆಲಸ. ಅಂಗೈ ಬಿರಿಯುತ್ತದೆ, ಉಳಿದ ಕೂಳೆ ಕಾಲಿಗೆ ಚುಚ್ಚುತ್ತದೆ, ರಾಶಿ ಮಾಡುವಾಗ ಏಳುವ ದೂಳು ವಾರಗಟ್ಟಲೆ ಎದೆಯಲ್ಲಿ ಕೂರುತ್ತದೆ. ಈಗ ದೊಡ್ಡ ಕಟಾವು ಯಂತ್ರ ಬಂದು ಗಂಟೆಗಳಲ್ಲಿ ಹೊಲ ಖಾಲಿ ಮಾಡಿ ಕಾಳು ಬೇರೆ ಮಾಡಿ ಕೊಡುತ್ತದೆ. ಆ ದುಡಿಮೆ ತಪ್ಪಿದ್ದಕ್ಕೆ ಯಾರೂ ಕಣ್ಣೀರು ಹಾಕಬೇಕಿಲ್ಲ. ಕೂಲಿಯಾಳು ಸಿಗದೆ ಒದ್ದಾಡುವ ರೈತನಿಗೆ ಅದು ನಿಜವಾದ ನೆರವು. ಆದರೆ ಲೆಕ್ಕ ಅಲ್ಲಿಗೇ ನಿಲ್ಲಬಾರದು. ರೈತನಿಗೆ ವಾರ ಉಳಿದರೆ ಕೂಲಿಯವಳಿಗೂ ವಾರ ಉಳಿಯಿತು. ಅವನ ವಾರ ಬಿಡುವಾಯಿತು, ಅವಳದು ಬೇಕಾರಿಯಾಯಿತು. ಕೂಲಿಯ ಜೊತೆಗೆ ಒಲೆಗೆ ಸಿಗುತ್ತಿದ್ದ ತೊಗರಿ ಕಟ್ಟಿಗೆಯೂ, ದನಕ್ಕೆ ಸಿಗುತ್ತಿದ್ದ ಹೊಟ್ಟೂ ಹೊಲದಲ್ಲೇ ಚೂರಾಗಿ ಚೆಲ್ಲಿಹೋಗುತ್ತವೆ. ಆಕೆಯ ಕುಟುಂಬ ಸಂಕ್ರಾಂತಿ ಮುಗಿಸಿ ಪುಣೆಗೋ ಮುಂಬೈಗೋ ಬೆಂಗಳೂರಿಗೋ ಗುಳೆ ಹೋಗಿ, ಕಟ್ಟುತ್ತಿರುವ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಬೇಸಿಗೆ ಕಳೆಯುತ್ತದೆ. ಅಲ್ಲಿ ಕೂಲಿ ಇಲ್ಲಿಗಿಂತ ಹೆಚ್ಚು ಸಿಗುವುದರಿಂದ ಆದಾಯದ ಲೆಕ್ಕದಲ್ಲಿ ಈ ಕುಟುಂಬ ಮುಂದೆ ಬಂದಿದೆ. ಮಗು ಶಾಲೆ ಬಿಟ್ಟಿದ್ದು, ಮುದುಕರು ಊರಲ್ಲಿ ಒಂಟಿಯಾಗಿ ಉಳಿದದ್ದು ಯಾವ ಲೆಕ್ಕಕ್ಕೂ ಸೇರಿಲ್ಲ.

ಬ್ರಿಟಿಷ್ ಅರ್ಥಶಾಸ್ತ್ರಜ್ಞ ಕೇನ್ಸ್ 1930ರಲ್ಲಿ ಒಂದು ಅಂದಾಜು ಮಾಡಿದ್ದರು: ಇನ್ನು ನೂರು ವರ್ಷದಲ್ಲಿ ಯಂತ್ರಗಳ ದೆಸೆಯಿಂದ ಮನುಷ್ಯ ವಾರಕ್ಕೆ 15 ಗಂಟೆ ದುಡಿದರೆ ಸಾಕಾದೀತು, ಬಿಡುವನ್ನು ಹೇಗೆ ಕಳೆಯುವುದು ಎಂಬುದೇ ಆಗ ದೊಡ್ಡ ಪ್ರಶ್ನೆಯಾದೀತು ಎಂದು. ಆ ನೂರು ವರ್ಷ ಮುಗಿಯುತ್ತ ಬಂದಿದೆ. ಉತ್ಪಾದನೆಯ ವಿಷಯದಲ್ಲಿ ಅವರ ಅಂದಾಜು ಬಹುಪಾಲು ನಿಜವಾಯಿತು, ಬಿಡುವಿನ ವಿಷಯದಲ್ಲಿ ಆಗಲಿಲ್ಲ. ಯಂತ್ರದಿಂದ ಉಳಿದ ಹೊತ್ತು ಯಂತ್ರದ ಒಡೆಯನ ಕಡೆಗೆ ಹರಿಯುತ್ತದೆ, ಅದನ್ನು ಹಂಚಲು ಬೇರೆಯೇ ಏರ್ಪಾಡು ಬೇಕು ಎಂಬುದು ಅವರ ಲೆಕ್ಕದಲ್ಲಿ ಬಂದಂತಿಲ್ಲ.

ಈಗ ಸರ್ಕಾರದ ಕೈಯಲ್ಲಿರುವ ತಂತ್ರಜ್ಞಾನಕ್ಕೆ ಬರುತ್ತೇನೆ, ಯಾಕೆಂದರೆ ಇಲ್ಲಿ ಒಡೆಯರು ನಾವೇ. ನನ್ನ ಮನೆಯ ಹತ್ತಿರದ ನ್ಯಾಯಬೆಲೆ ಅಂಗಡಿಯೊಂದರಲ್ಲಿ ಹೆಬ್ಬೆಟ್ಟಿನ ಯಂತ್ರವಿದೆ. ಕಳ್ಳ ಕಾರ್ಡುಗಳನ್ನು ತಡೆಯಲು ಬಂದ ಯಂತ್ರವದು, ಉದ್ದೇಶದಲ್ಲಿ ತಪ್ಪಿಲ್ಲ. ಆದರೆ ಜೀವನವಿಡೀ ಕಳೆ ಕಿತ್ತು, ಪಾತ್ರೆ ತಿಕ್ಕಿದ ಬೆರಳುಗಳ ಗೆರೆಗಳು ಸವೆದುಹೋಗಿರುತ್ತವೆ. ಸೆರಗಿನಿಂದ ಬೆರಳು ಒರೆಸಿಕೊಂಡು ಒತ್ತಿದರೂ, ತಲೆಯ ಎಣ್ಣೆ ಸವರಿಕೊಂಡು ಒತ್ತಿದರೂ ಕೆಂಪು ದೀಪವೇ ಬರುತ್ತದೆ. ಬೆರಳು ಸರಿಯಿದ್ದ ದಿನ ಸರ್ವರ್ ಕೈಕೊಡುತ್ತದೆ. ಒಂದು ದಿನ ನನ್ನ ಮುಂದೆಯೇ ಅಂಗಡಿಯ ಹುಡುಗ ವಯಸ್ಸಾದ ಹೆಂಗಸೊಬ್ಬಳಿಗೆ, “ಆಯಿ, ಸರ್ವರ್ ಇಲ್ಲ, ನಾಳಿ ಬಾ” ಎಂದ. ಆಕೆ ಸಿಟ್ಟು ಮಾಡಲಿಲ್ಲ. “ನಾಳಿ ಬಂದ್ರ ನನ್ನ ಕೂಲಿ ಯಾರ್ ಕೊಡ್ತಾರೋ ತಮ್ಮಾ?” ಎಂದಷ್ಟೇ ಕೇಳಿದಳು. ಹುಡುಗನ ತಪ್ಪೂ ಅಲ್ಲ ಅದು. ಯಂತ್ರದಿಂದ ಇಲಾಖೆಗೆ ಉಳಿದ ಹಣವೆಷ್ಟು ಎಂಬುದಕ್ಕೆ ಕಡತವಿದೆ. ಆಕೆಯಂಥವರು ಬಂದು ಬರಿಗೈಯಲ್ಲಿ ಹೋದ ದಿನಗಳಿಗೆ ಕಡತವಿಲ್ಲ. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ವೆಚ್ಚ ಕಡಿಮೆಯಾಗಿಲ್ಲ, ಲೆಕ್ಕ ಇಡುವವರ ಕಡೆಯಿಂದ ಲೆಕ್ಕವಿಲ್ಲದವರ ಕಡೆಗೆ ವರ್ಗವಾಗಿದೆ, ಅಷ್ಟೇ.

ಉದ್ಯೋಗ ಖಾತರಿಯ ಹಾಜರಾತಿಯಲ್ಲೂ ಇದೇ ಆಯಿತು. ನರೇಗಾ ಸಾಮೂಹಿಕ ಕಾಮಗಾರಿಗಳಲ್ಲಿ ಎನ್‌ಎಂಎಂಎಸ್ ಎಂಬ ಆ್ಯಪಿನ ಮೂಲಕ ದಿನಕ್ಕೆ ಎರಡು ಸಲ ಫೋಟೊ ಸಮೇತ ಹಾಜರಿ ಹಾಕುವುದನ್ನು 2023ರ ಜನವರಿ 1ರಿಂದ ಕಡ್ಡಾಯ ಮಾಡಲಾಯಿತು. ಸುಳ್ಳು ಹಾಜರಿ ಇತ್ತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಕೆಲಸದ ಕೂಲಿ ಅಳತೆಯ ಮೇಲೆ ನಿಗದಿಯಾಗುತ್ತಿತ್ತು: ಇಷ್ಟು ಉದ್ದ, ಇಷ್ಟು ಅಗಲ, ಇಷ್ಟು ಆಳದ ಗುಂಡಿ ತೋಡಿದರೆ ಆ ದಿನದ ಕೆಲಸ ಮುಗಿಯಿತು. ನಮ್ಮ ಕಡೆಯ ಬಿಸಿಲು ಬಲ್ಲ ಹೆಣ್ಣುಮಕ್ಕಳು ನಸುಕಿನಲ್ಲೇ ಹೋಗಿ, ಹೊತ್ತು ಏರುವುದರೊಳಗೆ ಅಳತೆ ಮುಗಿಸಿ ಮನೆ ಸೇರುತ್ತಿದ್ದರು. ಎರಡನೇ ಫೋಟೊ ಬಂದ ಮೇಲೆ, ಕೆಲಸ ಮುಗಿದರೂ ಹಾಜರಿ ಹಿಡಿಯುವ ಕಾಯಕ ಬಂಧುವಿನ ಮೊಬೈಲ್ ಅವರ ಮುಖ ನೋಡುವವರೆಗೆ ಕಾಯಬೇಕಾಯಿತು. ನೆಟ್‌ವರ್ಕ್ ಇಲ್ಲದ ಹೊಲದಲ್ಲಿ ಇನ್ನೂ ಹೆಚ್ಚು ಕಾಯಬೇಕಾಯಿತು. ಒಂದು ರೂಪಾಯಿಯೂ ಹೆಚ್ಚು ಬರಲಿಲ್ಲ. ಬೆವರು ಸುರಿಸಿ ತಾವೇ ಸಂಪಾದಿಸಿಕೊಂಡಿದ್ದ ಮಧ್ಯಾಹ್ನ ಮಾತ್ರ ಹೋಯಿತು.

ಇಲ್ಲಿ ಒಂದು ಹೋಲಿಕೆ ಮನಸ್ಸಿಗೆ ಬರುತ್ತದೆ. ಬಿಸಿಲಿನ ಕಾರಣದಿಂದ ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕೆಲಸ ಮಾಡುತ್ತವೆ. ಬಹಳ ವಿವೇಕದ ಏರ್ಪಾಡು. ನಾನೂ ನೌಕರಿಯಲ್ಲಿದ್ದಾಗ ಆ ಎರಡು ತಿಂಗಳನ್ನು ಎದುರು ನೋಡುತ್ತಿದ್ದವನೇ. ಫ್ಯಾನಿನ ಕೆಳಗೆ ಕೂತವರ ಮಧ್ಯಾಹ್ನವನ್ನು ಒಂದು ಸುತ್ತೋಲೆ ಕಾಪಾಡುತ್ತದೆ. ಗುದ್ದಲಿ ಹಿಡಿದವರ ಮಧ್ಯಾಹ್ನವನ್ನು ಒಂದು ಆ್ಯಪ್ ಕಸಿಯಿತು. ಆ ಆ್ಯಪನ್ನು ರೂಪಿಸಿದವರು ಕ್ರೂರಿಗಳೇನೂ ಅಲ್ಲ; ಕಳ್ಳತನ ತಡೆಯುವುದು ಹೇಗೆ ಎಂದಷ್ಟೇ ಅವರನ್ನು ಕೇಳಲಾಗಿತ್ತು, ಅವರು ಅಷ್ಟಕ್ಕೇ ಉತ್ತರ ಕೊಟ್ಟರು.

ಯಂತ್ರ ಸತ್ಯ ಹೇಳಿದರೂ ಆ ಸತ್ಯದಿಂದ ಏನು ಮಾಡುತ್ತೇವೆ ಎಂಬುದು ನಮಗೇ ಬಿಟ್ಟದ್ದು. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೊಠಡಿಗಳಲ್ಲಿ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದ್ದು ಓದುಗರಿಗೆ ನೆನಪಿರಬಹುದು. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ, ಕೃಪಾಂಕವನ್ನು ಹೆಚ್ಚಿಸಿದ ಮೇಲೂ, ಶೇ 73.40ಕ್ಕೆ ಇಳಿಯಿತು, ಯಾದಗಿರಿ ಶೇ 50.59ರೊಂದಿಗೆ ಕೊನೆಯ ಸ್ಥಾನಕ್ಕೆ ಬಂತು. ಮರುವರ್ಷ ಕೊನೆಯ ಸ್ಥಾನ ಕಲಬುರಗಿಯದು, ಶೇ 42.43. ನಕಲು ನಿಂತದ್ದು ಒಳ್ಳೆಯದೇ, ನನಗೆ ಅದರಲ್ಲಿ ಎರಡು ಮಾತಿಲ್ಲ. ಆದರೆ ಕ್ಯಾಮೆರಾ ತೋರಿಸಿದ್ದು ಮೂರು ಗಂಟೆಯ ಪರೀಕ್ಷೆಯನ್ನು; ಅದರ ಹಿಂದಿನ ಹತ್ತು ವರ್ಷಗಳಲ್ಲಿ ಗಣಿತಕ್ಕೆ, ಇಂಗ್ಲಿಷಿಗೆ ಕಾಯಂ ಶಿಕ್ಷಕರಿಲ್ಲದೆ ಕಳೆದ ಪಿರಿಯಡ್ಡುಗಳನ್ನು ಯಾರೂ ವೆಬ್‌ಕಾಸ್ಟ್ ಮಾಡಿರಲಿಲ್ಲ. ಪರೀಕ್ಷಾ ಕೊಠಡಿಗೆ ಬಂದಷ್ಟು ಚುರುಕಾಗಿ ತಂತ್ರಜ್ಞಾನ ತರಗತಿಯ ಕೊಠಡಿಗೆ ಬಂದಿಲ್ಲ, ಬಂದರೂ ಶಿಕ್ಷಕರಿಲ್ಲದ ಕಡೆ ಸ್ಮಾರ್ಟ್ ಬೋರ್ಡು ಗೋಡೆಯ ಅಲಂಕಾರವಾಗಿ ಉಳಿಯುತ್ತದೆ. ಹೈಸ್ಕೂಲು ಮುಗಿಸದ ಹುಡುಗನ ಮುಂದೆ ಕೃತಕ ಬುದ್ಧಿಮತ್ತೆಯ ಯುಗ ಬಂದಿದೆ ಎಂದು ಭಾಷಣ ಮಾಡುವುದು ಆತನಿಗೆ ಮಾಡುವ ಅವಮಾನ ಎಂದೇ ನಾನು ಭಾವಿಸುತ್ತೇನೆ.

ಕಾರ್ಖಾನೆಗಳ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ, ಅದರ ಬಗ್ಗೆ ನಿಮ್ಮ ಪತ್ರಿಕೆಯಲ್ಲೇ ಸಾಕಷ್ಟು ಚರ್ಚೆಯಾಗಿದೆ. ವಾಡಿ, ಸೇಡಂ, ಮಳಖೇಡದ ಸುಣ್ಣಕಲ್ಲು ಸಿಮೆಂಟಾಗಿ ನಾಡಿನ ನಗರಗಳನ್ನು ಕಟ್ಟಿದೆ. ಯಾದಗಿರಿಯ ಕಡೇಚೂರು–ಬಾಡಿಯಾಳದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಎಕರೆ ಜಮೀನು ಕೈಗಾರಿಕೆಗಾಗಿ ಹೋಯಿತು. ಅಲ್ಲಿನ ರಾಸಾಯನಿಕ ಮತ್ತು ಔಷಧ ಘಟಕಗಳ ದುರ್ವಾಸನೆಯ ಬಗ್ಗೆ ಸುತ್ತಲಿನ ಊರವರು ದೂರುತ್ತಲೇ ಬಂದಿದ್ದಾರೆ. ಉತ್ಪಾದನೆಯ ಮೊತ್ತದಲ್ಲಿ ಘಟಕದ ಮಾರಾಟವೂ ಸೇರುತ್ತದೆ, ಕೆಮ್ಮಿಗೆ ತೋರಿಸಿಕೊಳ್ಳಲು ಹೋದವನು ಖಾಸಗಿ ಆಸ್ಪತ್ರೆಯಲ್ಲಿ ಕಟ್ಟಿದ ಬಿಲ್ಲೂ ಸೇರುತ್ತದೆ. ಕುಜ್ನೆಟ್ಸ್ ಕೊಟ್ಟ ಎಚ್ಚರಿಕೆ ಇದೇ. ಕಲಬುರಗಿಗೆ ಘೋಷಣೆಯಾಗಿರುವ ಜವಳಿ ಪಾರ್ಕ್ ಬಂದಾಗಲಾದರೂ ಎಷ್ಟು ಸಾವಿರ ಉದ್ಯೋಗ ಎಂಬ ಪ್ರಶ್ನೆಯ ಜೊತೆಗೆ, ಎಷ್ಟು ಗಂಟೆಯ ಪಾಳಿ, ಹೆಣ್ಣುಮಕ್ಕಳು ರಾತ್ರಿ ಮನೆ ಸೇರುವುದು ಹೇಗೆ, ಕೂಸನ್ನು ಎಲ್ಲಿ ಬಿಡಬೇಕು ಎಂಬ ಪ್ರಶ್ನೆಗಳನ್ನೂ ಮೊದಲೇ ಕೇಳೋಣ. ಮೆಹಬೂಬ್ ಶಾಹಿ ಬಟ್ಟೆ ಗಿರಣಿಯ ಭೋಂಗಾ ಕೇಳಿ ಬೆಳೆದ, ಅದು ಮುಚ್ಚಿದ್ದನ್ನೂ ಕಂಡ ಊರು ಇದು. ಕೆಲಸ ಬರುವುದಷ್ಟೇ ಅಲ್ಲ, ಹೋಗುವುದೂ ನಮಗೆ ಗೊತ್ತು.

ಒಳ್ಳೆಯ ಉದಾಹರಣೆಗಳು ನಮ್ಮಲ್ಲೇ ಇವೆ, ಅವನ್ನು ನಾವು ಸರಿಯಾಗಿ ಓದಿಕೊಳ್ಳುತ್ತಿಲ್ಲ. ಜೋಳದ ರೊಟ್ಟಿ ಬಡಿಯುವುದು ಈ ಭಾಗದ ಪ್ರತಿ ಹೆಣ್ಣುಮಗಳಿಗೂ ಬರುವ ವಿದ್ಯೆ, ಪ್ರತಿ ಹೆಣ್ಣುಮಗಳ ಬೆನ್ನು ಬಾಗಿಸಿದ ದುಡಿಮೆಯೂ ಹೌದು. ಜಿಲ್ಲಾಡಳಿತದ ನೆರವಿನಿಂದ ಸ್ವಸಹಾಯ ಸಂಘಗಳ ಮಹಿಳೆಯರು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಖಡಕ್ ರೊಟ್ಟಿಯನ್ನು ಪ್ಯಾಕು ಮಾಡಿ ಬೇರೆ ಊರುಗಳಿಗೂ ಮಾರತೊಡಗಿದರು. 2025ರಲ್ಲಿ ಪ್ರಧಾನಿಯವರ ಬಾನುಲಿ ಭಾಷಣದಲ್ಲೂ ಇದರ ಪ್ರಸ್ತಾಪ ಬಂತು. ಹಿಟ್ಟು ನಾದಲು ಯಂತ್ರ, ಹಣ ಪಡೆಯಲು ಮೊಬೈಲು, ಗಿರಾಕಿ ಹುಡುಕಲು ಇಂಟರ್ನೆಟ್ಟು, ಇವೆಲ್ಲ ತಂತ್ರಜ್ಞಾನವೇ. ವ್ಯತ್ಯಾಸವಿಷ್ಟೇ: ಯಾವ ಕೆಲಸ ಯಂತ್ರಕ್ಕೆ, ಯಾವುದು ಕೈಗೆ, ಅಂಗಡಿ ಎಷ್ಟು ಹೊತ್ತಿಗೆ ಮುಚ್ಚಬೇಕು ಎಂಬುದನ್ನು ಅವರೇ ಗೊತ್ತು ಮಾಡಿಕೊಳ್ಳಬಹುದು. ಬೀದರಿನ ಬಿದ್ರಿ ಕುಶಲಕರ್ಮಿಗಳೂ ಹಾಗೆಯೇ. ಹೊಳಪು ಕೊಡುವ ಕೆಲಸವನ್ನು ಮೋಟಾರಿಗೆ ಒಪ್ಪಿಸಿದರೂ, ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಉಳಿಯಿಂದ ಗೆರೆ ಕೊರೆದು ಬೆಳ್ಳಿಯ ತಂತಿ ಕೂರಿಸುವುದನ್ನು, ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಕಾಯಿಸಿ ಆ ಕಪ್ಪು ಬರಿಸುವುದನ್ನು ಕೈಯಲ್ಲೇ ಉಳಿಸಿಕೊಂಡಿದ್ದಾರೆ. ಈ ಕಲೆಗಾಗಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಸಂತೋಷಪಟ್ಟೆವು. ಅವರ ಕಸುಬಿನ ಹುಡುಗರಿಗೆ ದಿನದ ಕೂಲಿ ಗಿಟ್ಟುತ್ತಿದೆಯೇ ಎಂದು ಕೇಳಿದವರು ಕಡಿಮೆ.

ಇನ್ನು ಯಂತ್ರವೇ ಇಲ್ಲದ ಒಂದು ಬದಲಾವಣೆಯ ಮಾತು. 2023ರ ಜೂನ್ 11ರಂದು ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳ ಪ್ರಯಾಣ ಉಚಿತವಾದ ಮೇಲೆ ಚಿಂಚೋಳಿ, ಆಳಂದ, ಸುರಪುರದ ಹಳ್ಳಿಗಳಿಂದ ಬರುವ ಬಸ್ಸುಗಳಲ್ಲಿ ಯಾರು ಕೂತಿರುತ್ತಾರೆ ಎಂದು ಒಮ್ಮೆ ನೋಡಬೇಕು. ಗಂಡನ ಕೈ ನೋಡದೆ ತಾಯಿಯನ್ನು ಕಾಣಲು ಹೊರಟವರು, ದವಾಖಾನೆಗೆ ಹೊರಟವರು, ಸುಮ್ಮನೆ ಶರಣಬಸವೇಶ್ವರರ ಗುಡಿಗೋ ಬಂದೇನವಾಜರ ದರ್ಗಾಕ್ಕೋ ಹೊರಟವರು. ಸುಮ್ಮನೆ ಹೋಗುವವರ ಬಗ್ಗೆ ಕೆಲವರು ಗೇಲಿ ಮಾಡುತ್ತಾರೆ. ಸುಮ್ಮನೆ ಒಂದು ಕಡೆ ಹೋಗಿಬರುವ ಸ್ವಾತಂತ್ರ್ಯ ಗಂಡಸರಿಗೆ ಎಂದೂ ಕಡಿಮೆಯಾಗಿರಲಿಲ್ಲವಾದ್ದರಿಂದ ಅದರ ಬೆಲೆ ಅವರಿಗೆ ತಿಳಿಯದು.

ಸಾಕು ಎನ್ನುವ ವಿಷಯವನ್ನೂ ಇಲ್ಲಿ ಎತ್ತಬೇಕು, ಬಸವಕಲ್ಯಾಣ ನಮ್ಮ ಸೀಮೆಯದೇ ಆದ್ದರಿಂದ. ಆಯ್ದಕ್ಕಿ ಮಾರಯ್ಯ ಅಂದು ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಹಿಂದಿರುಗಿಸಿ ಬರಲು ಹೇಳಿದ ಕಥೆ ಎಲ್ಲರಿಗೂ ಗೊತ್ತು. ಬೆಳವಣಿಗೆಯ ಮಿತಿಯ ಬಗ್ಗೆ ಮಾತನಾಡುವ ವೇದಿಕೆಗಳಲ್ಲಿ ಈ ಕಥೆಯನ್ನು ಬಡವರಿಗೆ ಹೇಳುವುದನ್ನು ಕೇಳಿದಾಗ ನನಗೆ ಕಸಿವಿಸಿಯಾಗುತ್ತದೆ. ಲಕ್ಕಮ್ಮ ತನಗೆ ತಾನೇ ಹಾಕಿಕೊಂಡ ಗೆರೆ ಅದು. ದುಡಿದು ತಂದು, ದಾಸೋಹ ಮಾಡಿ, ನಾಳೆಯ ಕಾಯಕದ ಭರವಸೆಯಿದ್ದವಳು ಹೇಳಿದ ಮಾತು. ಯಾದಗಿರಿಯ ಅಪೌಷ್ಟಿಕ ಮಗುವಿನ ತಾಯಿಗೆ ಅದನ್ನು ಉಪದೇಶಿಸುವ ಹಕ್ಕು ಯಾರಿಗೂ ಇಲ್ಲ. ಎರಡನೇ ಕಾರು ಕೊಳ್ಳುವ ನನ್ನಂಥ ಪಿಂಚಣಿದಾರರ ಮಕ್ಕಳಿಗೆ ಬೇಕಾದರೆ ಹೇಳಬಹುದು.

ಕೊನೆಯದಾಗಿ ನನ್ನ ಕೋರಿಕೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿಯಂತೆ ಅನುದಾನ ಘೋಷಣೆಯಾಗುತ್ತಿದೆ. ಅದರ ಪ್ರಗತಿ ವರದಿಯಲ್ಲಿ ಭೌತಿಕ, ಆರ್ಥಿಕ ಎಂಬ ಎರಡು ಕಾಲಂಗಳ ಪಕ್ಕದಲ್ಲಿ ಮೂರನೆಯದೊಂದು ಇರಲಿ: ಈ ಕಾಮಗಾರಿಯಿಂದ ಯಾರಿಗೆ ಎಷ್ಟು ಹೊತ್ತು ಉಳಿಯಿತು ಅಥವಾ ಕಳೆಯಿತು. ಇದನ್ನು ಅಳೆಯಲಾಗದು ಎಂದು ಅಧಿಕಾರಿಗಳು ಹೇಳುವಂತಿಲ್ಲ. ಕೇಂದ್ರದ ಸಾಂಖ್ಯಿಕ ಕಚೇರಿ 2019ರಲ್ಲಿ ಮತ್ತು 2024ರಲ್ಲಿ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಸಿದೆ. ಬೆಳಗಿನ ಜಾವ 4 ಗಂಟೆಯಿಂದ ಮರುದಿನ 4ರವರೆಗಿನ ದಿನವನ್ನು ಅರ್ಧರ್ಧ ಗಂಟೆಗಳಾಗಿ ಸೀಳಿ, ಪ್ರತಿ ತುಂಡಿನಲ್ಲಿ ಏನು ಮಾಡಿದಿರಿ ಎಂದು ಮನೆಮನೆಗೆ ಹೋಗಿ ಕೇಳಿದ್ದಾರೆ. ಮನೆಯ ಸಂಬಳವಿಲ್ಲದ ಕೆಲಸಕ್ಕೆ, ಅದನ್ನು ಮಾಡುವವರಲ್ಲಿ ಹೆಣ್ಣುಮಕ್ಕಳು ದಿನಕ್ಕೆ 289 ನಿಮಿಷವನ್ನೂ ಗಂಡಸರು 88 ನಿಮಿಷವನ್ನೂ ಕೊಡುತ್ತಾರೆ ಎಂಬುದು 2024ರ ಸಮೀಕ್ಷೆಯಿಂದಲೇ ನಮಗೆ ತಿಳಿದದ್ದು. ಇದೇ ಪ್ರಶ್ನಾವಳಿಯನ್ನು ನಮ್ಮ ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳ ಆಯ್ದ ಗ್ರಾಮ ಪಂಚಾಯಿತಿಗಳಲ್ಲಿ ನಡೆಸಲು ಕೇಂದ್ರೀಯ ವಿಶ್ವವಿದ್ಯಾಲಯದ ಮತ್ತು ಗುಲಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿದ್ಯಾರ್ಥಿಗಳಿದ್ದಾರೆ. ಮಂಡಳಿಯ ಅನುದಾನದಲ್ಲಿ ಅದಕ್ಕೆ ತಗಲುವ ಖರ್ಚು ಒಂದು ಸಮುದಾಯ ಭವನದ ಕಾಂಪೌಂಡ್ ಗೋಡೆಗಿಂತ ಹೆಚ್ಚಾಗಲಾರದು.

ಹೊಸ ಆ್ಯಪ್ ಅಥವಾ ಬಯೋಮೆಟ್ರಿಕ್ ವ್ಯವಸ್ಥೆ ತರುವ ಯಾವ ಇಲಾಖೆಯೇ ಆಗಲಿ, ಅದನ್ನು ಮೊದಲು ಒಂದು ಗ್ರಾಮ ಪಂಚಾಯಿತಿಯಲ್ಲಿ ಒಂದು ಬೇಸಿಗೆಯ ಮಟ್ಟಿಗೆ ಬಳಸಿ, ವಿಫಲವಾದ ಪ್ರತಿ ಪ್ರಯತ್ನವನ್ನೂ ದಾಖಲಿಸಿ, ಗ್ರಾಮಸಭೆಯ ಮುಂದೆ ಇಟ್ಟ ಮೇಲಷ್ಟೇ ಜಿಲ್ಲೆಗೆ ವಿಸ್ತರಿಸಬೇಕು. ಯಂತ್ರ ಕೈಕೊಟ್ಟ ದಿನ ಬರವಣಿಗೆಯ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಅಕ್ಕಿ ಕೊಡುವ, ಹಾಜರಿ ಹಿಡಿಯುವ ಅಧಿಕಾರ ಸ್ಥಳದಲ್ಲಿರುವವನಿಗೇ ಇರಬೇಕು. ನಿಮ್ಮ ವರದಿಗಾರರು ಮುಂದಿನ ಪ್ರಗತಿ ಪರಿಶೀಲನಾ ಸಭೆಗೆ ಹೋದಾಗ ಆ ತಿಂಗಳು ಎಷ್ಟು ಸಲ ಹೆಬ್ಬೆಟ್ಟು ಹೊಂದಲಿಲ್ಲ, ಅಂಥವರಲ್ಲಿ ಎಷ್ಟು ಜನ ಮತ್ತೆ ಬಂದರು ಎಂಬ ಅಂಕಿಯನ್ನು ಕೇಳಿ ಪಡೆದು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ; ಯಂತ್ರದಲ್ಲಿ ಆ ದಾಖಲೆ ಇದ್ದೇ ಇರುತ್ತದೆ. ಮೇಲೆ ಹೇಳಿದ ಸಮೀಕ್ಷೆಯನ್ನು ತೊಗರಿ ರಾಶಿಯ ಕಾಲದಲ್ಲೊಮ್ಮೆ, ಏಪ್ರಿಲಿನಲ್ಲೊಮ್ಮೆ, ಎರಡು ಸುತ್ತು ನಡೆಸಬೇಕು. ಎರಡನೇ ಸುತ್ತಿನಲ್ಲಿ ಬೀಗ ಹಾಕಿದ ಮನೆಗಳನ್ನು ‘ಮನೆಯವರಿಲ್ಲ’ ಎಂದು ಬರೆದು ಮುಂದೆ ಹೋಗದೆ, ಅವರು ಯಾವ ಊರಿನ ಯಾವ ಕೆಲಸಕ್ಕೆ ಹೋಗಿದ್ದಾರೆ, ಮಕ್ಕಳು ಯಾರ ಜೊತೆಗಿದ್ದಾರೆ ಎಂಬುದನ್ನು ಫೋನಿನಲ್ಲಾದರೂ ಕೇಳಿ ನಮೂದಿಸಿಕೊಳ್ಳಬೇಕು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಅರ್ಥಶಾಸ್ತ್ರ ಉಪನ್ಯಾಸಕ,
ಕಲಬುರಗಿ